ಪ್ರತಿಕ್ರಿಯೆ: ರೂಮಲ್ಲೇ ಕುಡಿಯುವ ಹಾಸ್ಟೆಲ್ ಜೊತೆಗಾರ

ಶಿವಮೊಗ್ಗದ ಹಾಸ್ಟೆಲಿನಲ್ಲಿ ಜೊತೆಗಿರುವವನು ವಾರಕ್ಕೆ ಮೂರು ರಾತ್ರಿ ರೂಮಲ್ಲೇ ಕುಡಿಯುತ್ತಾನೆ, ಖಾಲಿ ಪ್ಯಾಕೆಟ್ ನಿಮ್ಮ ಮಂಚದಡಿ ಸೇರುತ್ತಿವೆ ಅಂದಿದ್ದೀರಿ. ಬಹುಶಃ ನಿಮ್ಮ ಮೌನವನ್ನೇ ಅವನು ಒಪ್ಪಿಗೆ ಅಂದುಕೊಂಡಿದ್ದಾನೆ. ಚಟವಾಗಿದೆಯೋ ಇಲ್ಲವೋ, ಇಷ್ಟರಿಂದ ಹೇಳಲಾಗದು.

ಕುಡಿದಿರುವಾಗ ಮಾತೇ ಬೇಡ. ಮರುದಿನ ಸಂಜೆ ಇಬ್ಬರೇ ಇದ್ದಾಗ, "ಕುಡಿಯೋದು ಬಿಡೋದು ನಿನ್ನಿಷ್ಟ ಮಾರಾಯ, ರೂಮಲ್ಲಿ ಮಾತ್ರ ಬೇಡ. ಚೆಕಿಂಗ್ ಬಂದ್ರೆ ಇಬ್ರೂ ಹೊರಗೆ" ಅನ್ನಿ. ಉಪದೇಶ ಸೇರಿಸಿದಿರೋ, ಜಗಳ ಖಚಿತ. ಪ್ಯಾಕೆಟ್ ನೀವು ಎಸೆಯಬೇಡಿ, ಯಾರ ಕೈಯಲ್ಲಿ ಸಿಕ್ಕಿತೋ ಅವರದೇ ಮಾಲು! ಅವನಿಂದಲೇ ತೆಗೆಸಿ. ವಾರದಲ್ಲಿ ಬದಲಾಗದಿದ್ದರೆ ವಾರ್ಡನ್‌ಗೆ ದಿನಾಂಕ ಹಾಕಿ ಪತ್ರ ಕೊಡಿ. ದೂರಿಗಿಂತ 'ರೂಮು ಬದಲಿಸಿಕೊಡಿ' ಎಂಬ ಮನವಿ ಬೇಗ ಕೆಲಸ ಮಾಡುತ್ತದೆ. ಪತ್ರದ ಫೋಟೊ ಇಟ್ಟುಕೊಳ್ಳಿ.

ಮಿತಿಮೀರಿ ಕುಡಿದ ರಾತ್ರಿ ಅಂಗಾತ ಮಲಗಲು ಬಿಡಬೇಡಿ, ವಾಂತಿ ಶ್ವಾಸನಾಳಕ್ಕಿಳಿದು ಉಸಿರು ಕಟ್ಟುತ್ತದೆ. ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಮಂಡಿ ಮಡಚಿ, ಬೆನ್ನಿಗೆ ದಿಂಬು ಕೊಡಿ. ಮಜ್ಜಿಗೆ, ನಿಂಬೆರಸ ನಶೆ ಇಳಿಸುವುದಿಲ್ಲ; ಮಳೆಗಾಲದ ಚಳಿಯಲ್ಲಿ ತಲೆಗೆ ತಣ್ಣೀರು ಸುರಿಯುವುದಂತೂ ಅಪಾಯ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಾದರೆ ಅಥವಾ ಎರಡು ಉಸಿರಿನ ನಡುವೆ 10 ಸೆಕೆಂಡ್ ದಾಟಿದರೆ 108ಕ್ಕೆ ಫೋನ್ ಮಾಡಿ. ವಾರ್ಡನ್ ಬೈಗುಳ ಆಮೇಲೆ.

ಕುಡಿಯದ ದಿನ ಬೆಳಿಗ್ಗೆ ಕೈ ನಡುಗುತ್ತಿದೆಯೇ ಗಮನಿಸಿ. ಹಾಗಿದ್ದರೆ ಒಮ್ಮೆಲೇ ಬಿಡಿಸಲು ಹೋಗಬೇಡಿ, ಫಿಟ್ಸ್ ಬರಬಹುದು. ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಲಿ. ಅವನು ಒಪ್ಪದಿದ್ದರೆ ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.