ಹುಡುಗರು ಯಾಕೆ ನಿಲ್ಲಲ್ಲ ಮೇಡಂ?

ಈ ವರ್ಷ ಸಮಾಲೋಚನೆಗೆ ನನ್ನ ಹತ್ತಿರ ಬಂದು, ಕೆಲಸ ಕಲಿಯೋಕೆ ಬರೋ ಇಂಟರ್ನ್ ಹುಡುಗರ ಬಗ್ಗೆ ಇದೇ ಮಾತು ಹೇಳಿದ ಮಾಲೀಕರಲ್ಲಿ ಇವರು ನಾಲ್ಕನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ.

ಪೀಣ್ಯದಲ್ಲಿ ಇವರದು ಚಿಕ್ಕ ಮೆಷಿನ್ ವರ್ಕ್‌ಶಾಪ್, 11 ಜನ ಕೆಲಸದವರು. ನಿದ್ದೆ ಬರ್ತಿಲ್ಲ ಅಂತ ಬಂದಿದ್ದರು. ಎರಡನೇ ಸಲ ಬಂದಾಗ ವಿಷಯ ಹೊರಬಿತ್ತು. ಒಂದೂವರೆ ವರ್ಷದಲ್ಲಿ ಐದು ಇಂಟರ್ನ್‌ಗಳು ಬಂದು ಹೋಗಿದ್ದರು. "ಈಗಿನ ಹುಡುಗರಿಗೆ ಮೈ ಬಗ್ಗಲ್ಲ ಮೇಡಂ" ಅಂದರು.

ಮೂರನೇ ಸಲ ಒಂದು ಡೈರಿ ತಂದರು. ಡಿಪ್ಲೊಮಾ ಓದುವ ಹುಡುಗ ಅರ್ಧಕ್ಕೇ ಬಿಟ್ಟು ಹೋದಾಗ ಡ್ರಾಯರ್‌ನಲ್ಲೇ ಉಳಿದದ್ದು. ದಿನಾ ಏನು ಕಲಿತೆ ಅಂತ ಬರೆದು ಮಾಲೀಕರ ಸಹಿ ಹಾಕಿಸಿ ಕಾಲೇಜಿಗೆ ಕೊಡಬೇಕಾದ ಡೈರಿ. ಓದಿ ಹೇಳಿ ಅಂದೆ. "ಮೆಷಿನ್ ಗಮನಿಸಿದೆ." ಮರುದಿನವೂ ಅದೇ. ಅದರ ಮರುದಿನವೂ ಅದೇ. ಒಂದು ಪುಟದಲ್ಲಿ "ಟೀ ತಂದೆ" ಅಂತ ಬರೆದು, ಗೀಟು ಹಾಕಿ, ಪಕ್ಕದಲ್ಲಿ ಮತ್ತೆ "ಮೆಷಿನ್ ಗಮನಿಸಿದೆ". ಅಲ್ಲಿಗೆ ಅವರ ದನಿ ಇಳಿಯಿತು.

"ಸಹಿ ನಂದೇ ಮೇಡಂ. ಓದಿರಲಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ತಾವು 17ನೇ ವಯಸ್ಸಿಗೆ ವರ್ಕ್‌ಶಾಪ್ ಸೇರಿದ ದಿನವೇ ಮೇಸ್ತ್ರಿ ಕೈಗೆ ವರ್ನಿಯರ್ ಕೊಟ್ಟು ಅಳತೆ ತೆಗಿ ಅಂದದ್ದು, ತಪ್ಪಿದ್ದು, ಬೈಸಿಕೊಂಡದ್ದು, ಮತ್ತೆ ತೆಗೆದದ್ದು ಎಲ್ಲಾ ಹೇಳಿದರು.

ಅವತ್ತು ನಾನು ಹೇಳಿದ್ದು ಇಷ್ಟು. ಹುಡುಗನನ್ನು ಹುಡುಕೋ ಮೊದಲು ಅವನಿಗೆ ಕೊಡೋ ಕೆಲಸ ಹುಡುಕಿ. ಏನು ಕೆಲಸ, ಕಲಿಸೋರು ಯಾರು, ಎಷ್ಟು ವಾರ, ಎಷ್ಟು ದುಡ್ಡು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆ ಹಿಡಿದು ಹತ್ತಿರದ ಪಾಲಿಟೆಕ್ನಿಕ್‌ಗೆ ನೀವೇ ಹೋಗಿ, ಸೆಮಿಸ್ಟರ್ ಮುಗಿಯೋಕೆ ಎರಡು ತಿಂಗಳು ಇರುವಾಗಲೇ. ಪ್ಲೇಸ್‌ಮೆಂಟ್ ಆಫೀಸರ್ ಜೊತೆಗೆ ಲ್ಯಾಬ್ ಕಲಿಸೋ ಮೇಷ್ಟ್ರನ್ನೂ ಕಾಣಿ, ಯಾರ ಕೈ ಚುರುಕು ಅಂತ ಅವರಿಗೆ ಗೊತ್ತಿರುತ್ತೆ. ಬಂದ ಹುಡುಗನ ಮಾರ್ಕ್ಸ್ ಕೇಳೋ ಬದಲು ಒಂದು ಡ್ರಾಯಿಂಗ್, ಒಂದು ಪೀಸ್ ಕೊಟ್ಟು ಅಳತೆ ತೆಗೆಸಿ. ತಪ್ಪು ತೋರಿಸಿದಾಗ ಪ್ರಶ್ನೆ ಕೇಳ್ತಾನಾ ನೋಡಿ. ಕೇಳಿದರೆ ಅವನನ್ನೇ ಇಟ್ಟುಕೊಳ್ಳಿ.

ನಿದ್ದೆಗೆ ಬಂದವರಿಗೆ ಇದೆಲ್ಲಾ ಯಾಕೆ ಅಂತ ಕೇಳೋರು ಇದ್ದಾರೆ. ನಿದ್ದೆ ಕೆಡಿಸಿದ್ದೇ ಇದು, ಅಲ್ವಾ?

ದುಡ್ಡಿನ ಮಾತಿಗೆ ಅವರಿಗೆ ಸಿಟ್ಟು ಬಂತು. "ಕಲಿಸೋದೂ ನಾವೇ, ಕೊಡೋದೂ ನಾವೇನಾ?" ನಾನು ಬಿಡಲಿಲ್ಲ. ಬಿಟ್ಟಿ ಇಂಟರ್ನ್‌ಶಿಪ್ ಅಂದರೆ ಮನೆಯಲ್ಲಿ ಅನುಕೂಲ ಇರೋ ಮಕ್ಕಳು ಮಾತ್ರ ಬರ್ತಾರೆ, ರಜೆಯಲ್ಲಿ ಗಾರೆ ಕೆಲಸಕ್ಕೆ ಹೋಗಿ ಫೀಸ್ ಕಟ್ಟೋ ಹುಡುಗ ಎಷ್ಟೇ ಚುರುಕಾಗಿದ್ದರೂ ನಿಮ್ಮ ಬಾಗಿಲಿಗೆ ಬರೋಕಾಗಲ್ಲ. ಓದು ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ತಗೊಂಡರೆ ನ್ಯಾಟ್ಸ್ ಅನ್ನೋ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ನಿಗದಿತ ಕನಿಷ್ಠ ಸ್ಟೈಪೆಂಡ್‌ನ, ಅಂದರೆ ತರಬೇತಿ ಭತ್ಯೆಯ, ಅರ್ಧ ಕೇಂದ್ರ ಸರ್ಕಾರದ್ದು. 4ರಿಂದ 29 ಜನ ಇರೋ ಕಡೆ ಅಪ್ರೆಂಟಿಸ್ ತಗೊಳ್ಳೋದು ಕಡ್ಡಾಯ ಅಲ್ಲ, ಬೇಕಿದ್ದರೆ ತಗೊಳ್ಳಬಹುದು. ಇದು ಅವರಿಗೆ ಗೊತ್ತೇ ಇರಲಿಲ್ಲ.

ಸದ್ಯಕ್ಕೆ ಬಸ್ ಖರ್ಚು, ಮಧ್ಯಾಹ್ನದ ಊಟಕ್ಕೆ ಒಪ್ಪಿದ್ದಾರೆ. ನನಗೆ ಅದು ಸಾಲದು. ಮುಂದಿನ ತಿಂಗಳು ಮತ್ತೆ ಬರ್ತಾರೆ, ಅಲ್ಲಿಂದಲೇ ಮಾತು ಶುರು ಮಾಡ್ತೀನಿ.