ವಟಾಮುವಿನಿಂದ ಜಂಜಿಬಾರ್‌ಗೆ: ಹಳದಿ ಜ್ವರದ ಕಾರ್ಡ್ ಯಾಕೆ ಕೇಳುತ್ತಾರೆ

ಭಾರತದವರಿಗೆ ಬೇಡ ಎಂದು ಓದಿದ್ದರೂ ಜಂಜಿಬಾರ್‌ಗೆ (ಟಾಂಜಾನಿಯಾದ ದ್ವೀಪ) ಹೋಗಲು ನಿಮಗೆ ಹಳದಿ ಜ್ವರದ ಕಾರ್ಡ್, ಅಂದರೆ ಲಸಿಕೆ ಹಾಕಿಸಿದ ಪ್ರಮಾಣಪತ್ರ, ಯಾಕೆ ಕೇಳುತ್ತಾರೆ ಎಂದು ಕೇಳಿದ್ದೀರಿ. ತೊಡಕಿರುವುದು ನಿಮ್ಮ ಭಾರತದ ಪಾಸ್‌ಪೋರ್ಟಿನಲ್ಲಲ್ಲ, ನೀವು ಬರುವ ದಾರಿಯಲ್ಲಿ. ಭಾರತದಿಂದ ನೇರ ಜಂಜಿಬಾರ್‌ಗೆ ಹೋಗುವವರಿಗೆ ಹಳದಿ ಜ್ವರದ ಕಾರ್ಡ್ ಬೇಡ ಎಂದು ನೀವು ಓದಿದ್ದು ಸರಿಯೇ. ಆದರೆ ನೀವು ಕೀನ್ಯಾದ ಕರಾವಳಿಯ ವಟಾಮುವಿನಲ್ಲಿ ಕಡಲಾಮೆ ರಕ್ಷಣೆಯ ಸ್ವಯಂಸೇವೆ ಮುಗಿಸಿ ಮೊಂಬಾಸಾದಿಂದ ಹೊರಡುತ್ತೀರಿ ಅಲ್ವಾ? ಕೀನ್ಯಾ ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿದೆ, ಅದಕ್ಕೇ ಅಲ್ಲಿಂದ ಬರುವವರಿಗೆ ಜಂಜಿಬಾರ್‌ನಲ್ಲಿ ಕಾರ್ಡ್ ಕೇಳುತ್ತಾರೆ. ಊರಿಗೆ ಮರಳುವಾಗಲೂ ಅಷ್ಟೇ. ಕಾರ್ಡ್ ಇಲ್ಲದಿದ್ದರೆ ಭಾರತದಲ್ಲಿ ಇಳಿದ ಮೇಲೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.

ಮೊದಲು ಲಸಿಕೆಗೆ ದಿನ ಗೊತ್ತು ಮಾಡಿಕೊಳ್ಳಿ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಮನೆ ಹತ್ತಿರದ ಕ್ಲಿನಿಕ್ಕಿನ ಚೀಟಿ ನಡೆಯಲ್ಲ. ಚುಚ್ಚಿಸಿಕೊಂಡ 10 ದಿನದ ನಂತರವೇ ಕಾರ್ಡ್‌ಗೆ ಬೆಲೆ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. ನಿಮ್ಮ ವಯಸ್ಸು, ಅಲರ್ಜಿ ಬರೆದಿಲ್ಲ, ಹಾಗಾಗಿ ಲಸಿಕೆ ನಿಮಗೆ ಆಗುತ್ತದೆಯೇ ಎಂದು ನಾನು ಹೇಳಲಾರೆ. ಮೊಟ್ಟೆ ಒಗ್ಗದವರು, 60 ದಾಟಿದವರು, ಬಸುರಿಯರು, ಹಾಲೂಡಿಸುವವರು ವೈದ್ಯರನ್ನು ಕೇಳಲೇಬೇಕು.

ಕಾರ್ಡ್ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಓದಿ. ನಮ್ಮವರಿಗೆ ಎಡವಟ್ಟಾಗುವುದು ಜಾಸ್ತಿ ಇನಿಷಿಯಲ್‌ನಲ್ಲಿ. ಆಧಾರ್‌ನಲ್ಲಿ ಬರೀ ಒಂದಕ್ಷರ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಬರೆಸಿ. ಬ್ಯಾಚ್ ಸಂಖ್ಯೆ, ಸಹಿ, ಮೊಹರು ಮೂರೂ ಇರಲಿ. ಮೂಲ ಕಾರ್ಡನ್ನು ಲಗೇಜಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

2024ರ ಅಕ್ಟೋಬರ್‌ನಿಂದ ಜಂಜಿಬಾರ್ ತನ್ನದೇ ಪ್ರವಾಸಿ ವಿಮೆಯನ್ನೂ ಕಡ್ಡಾಯ ಮಾಡಿದೆ. ಅದನ್ನು ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ.

ನೀವು ಕೇಳದ ಒಂದು ವಿಷಯ: ಸಂಬಳವಿಲ್ಲದ ಸ್ವಯಂಸೇವೆಗೂ ಕೀನ್ಯಾದಲ್ಲಿ ಪ್ರವಾಸಿ ಅನುಮತಿ ಸಾಲುವುದಿಲ್ಲ. ಯಾವ ಪಾಸ್ (ಅನುಮತಿ ಪತ್ರ) ಬೇಕು, ಅದನ್ನು ಯಾರು ಮಾಡಿಸುತ್ತಾರೆ ಎಂದು ನಿಮ್ಮನ್ನು ಕರೆದ ಸಂಸ್ಥೆಗೆ ಟಿಕೆಟ್ ತೆಗೆಯುವ ಮೊದಲೇ ಇಮೇಲ್ ಬರೆದು ಕೇಳಿ.