ಅತ್ತಿಮಬ್ಬೆ ಎಂಬ ಹೆಸರು ಮೊಮ್ಮಗಳಿಗೆ ಭಾರವಾದೀತೆ?

ಮಾನ್ಯರೇ,

ನಿಮ್ಮ ದೀರ್ಘ ಪತ್ರ ತಲುಪಿದೆ. ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳುತ್ತೇನೆ. ಗದಗ ಸೀಮೆಯಲ್ಲಿ ಹುಟ್ಟಿ ಬೆಳೆದ ನಿಮ್ಮ ಮಗಳು, ಈಗ ತಾನೇ ಹುಟ್ಟಿದ ತನ್ನ ಹೆಣ್ಣುಮಗುವಿಗೆ ‘ಅತ್ತಿಮಬ್ಬೆ’ ಎಂದು ಹೆಸರಿಡಬೇಕೆಂದು ಹಟ ಹಿಡಿದಿದ್ದಾಳೆ. ಅಳಿಯನವರು ಒಪ್ಪಿದ್ದಾರೆ, ಬೀಗರು ಒಪ್ಪಿಲ್ಲ. ಅದು ಪಠ್ಯಪುಸ್ತಕದ ಹೆಸರು, ತೊಟ್ಟಿಲಿಗೆ ತರುವ ಹೆಸರಲ್ಲ ಎಂಬುದು ಅವರ ವಾದ. ಮಗುವಿನ ಕಿವಿಯಲ್ಲಿ ಹೆಸರು ಉಸುರಬೇಕಾದ ಸೋದರತ್ತೆಯಂತೂ, ಇಷ್ಟು ಹಳೆಯ ಹೆಸರನ್ನು ತಾನು ಉಸುರುವುದಿಲ್ಲ ಎಂದಿದ್ದಾರೆ. ಈ ಹೆಸರು ಎಲ್ಲಿಂದ ಬಂತು, ‘ದಾನಚಿಂತಾಮಣಿ’ ಎಂದು ಹೆಸರಾದ ಹತ್ತನೆಯ ಶತಮಾನದ ಅತ್ತಿಮಬ್ಬೆಯನ್ನು ಬಿಟ್ಟು ಬೇರೆ ಯಾರಿಗಾದರೂ ಇತ್ತೇ, ಜೈನರಲ್ಲದ ನೀವು ಇಡಬಹುದೇ, ಇಷ್ಟು ದೊಡ್ಡ ಹೆಸರು ಕೂಸಿಗೆ ಭಾರವಾಗುವುದಿಲ್ಲವೇ ಎಂದು ಕೇಳಿದ್ದೀರಿ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಇಡಿ. ಹೀಗೆ ಹೇಳಲು ನನಗೆ ಧೈರ್ಯ ಕೊಡುವವನು ರನ್ನ.

ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಮುದುವೊಳಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ. ಬಳೆಗಾರರ ಮನೆತನ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಹೆಂಡಿರು ಜಕ್ಕಿ ಮತ್ತು ಶಾಂತಿ. ಅವನಿಗೆ ಇಬ್ಬರು ಮಕ್ಕಳು. ಮಗನ ಹೆಸರು ರಾಯ, ಮಗಳ ಹೆಸರು ಅತ್ತಿಮಬ್ಬೆ. ತನಗೆ ಆಸರೆಯಾದ ಚಾವುಂಡರಾಯನ ಹೆಸರನ್ನು ಮಗನಿಗೂ, ತನ್ನಿಂದ ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆಯ ಹೆಸರನ್ನು ಮಗಳಿಗೂ ಇಟ್ಟ. ಸಾವಿರ ವರ್ಷದ ಹಿಂದೆ ಒಬ್ಬ ಬಳೆಗಾರರ ಮನೆಯ ಕವಿ, ದಂಡನಾಯಕರ ಮನೆತನದ ಹೆಣ್ಣುಮಗಳ ಹೆಸರನ್ನು ತನ್ನ ಮನೆಯ ತೊಟ್ಟಿಲಿಗೆ ತಂದಿದ್ದಾನೆ. ಆ ಮುಧೋಳದ ಅತ್ತಿಮಬ್ಬೆ ಅತ್ತಿರಬೇಕು, ರಚ್ಚೆ ಹಿಡಿದಿರಬೇಕು, ಜಕ್ಕಿಯಿಂದಲೋ ಶಾಂತಿಯಿಂದಲೋ ಬೈಸಿಕೊಂಡಿರಬೇಕು. ಆ ಹೆಸರು ಹಿಡಿದು ಅವಳನ್ನು ಊಟಕ್ಕೆ ಕೂಗಿ ಕರೆದಿರಬೇಕು. ಬೀಗರಿಗೆ ಇದನ್ನು ದಯವಿಟ್ಟು ಓದಿ ಹೇಳಿ. ಅತ್ತಿಮಬ್ಬೆಯನ್ನು ಎಲ್ಲರಿಗಿಂತ ಹೆಚ್ಚು ಎತ್ತರದಲ್ಲಿ ಕೂರಿಸಿದ ಕವಿಗೇ ಆ ಹೆಸರು ಮಗುವಿಗೆ ಭಾರ ಎನ್ನಿಸಲಿಲ್ಲ.

ದಾನಚಿಂತಾಮಣಿಯ ಕಥೆ ನಿಮಗೆ ಗೊತ್ತಿರುವುದರಿಂದ, ಹೆಸರಿಗೆ ಸಂಬಂಧಿಸಿದಷ್ಟನ್ನು ಮಾತ್ರ ಹೇಳುತ್ತೇನೆ. ತಂದೆ ಮಲ್ಲಪಯ್ಯ. ಮನೆತನದ ಮೂಲ ವೆಂಗಿಮಂಡಲದ ಪುಂಗನೂರು. ಕವಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ್ದು ಈ ಮಲ್ಲಪಯ್ಯ ಮತ್ತು ಅವನ ತಮ್ಮ ಪುನ್ನಮಯ್ಯ. ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಚಾಲುಕ್ಯರ ಮಂತ್ರಿ ದಲ್ಲಪನ ಮಗ ನಾಗದೇವನಿಗೆ ಕೊಟ್ಟರು. ನಾಗದೇವ ಯುದ್ಧದಲ್ಲಿ ಮಡಿದಾಗ ಗುಂಡಮಬ್ಬೆ ಅವನೊಂದಿಗೆ ಚಿತೆಯೇರಿದಳು. ಅತ್ತಿಮಬ್ಬೆ ಉಳಿದಳು. ಮಗ ಅಣ್ಣಿಗದೇವನನ್ನು ಬೆಳೆಸಿದಳು. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಗರಿಯ ಮೇಲೆ ಕಂಠವೆಂಬ ಕಬ್ಬಿಣದ ಲೇಖನಿಯಿಂದ ಒಂದೊಂದೇ ಅಕ್ಷರ ಕೊರೆಯುತ್ತಿದ್ದ ಕಾಲದ ಸಾವಿರ ಅದು. 993ರಲ್ಲಿ ರನ್ನನ ಅಜಿತಪುರಾಣ ಮುಗಿಯಿತು. ಆಕೆ ಕಟ್ಟಿಸಿದ ಲಕ್ಕುಂಡಿಯ ಬಸದಿಯ ಶಾಸನ 1007ರದು.

ಅಕ್ಕತಂಗಿಯರ ಹೆಸರುಗಳನ್ನು ಒಟ್ಟಿಗೆ ಹೇಳಿ ನೋಡಿ: ಅತ್ತಿಮಬ್ಬೆ, ಗುಂಡಮಬ್ಬೆ. ಇಂದು ನಾವು ಅವಳಿ ಮಕ್ಕಳಿಗೆ ಪ್ರಾಸ ಕೂಡುವ ಹೆಸರು ಹುಡುಕುತ್ತೇವಲ್ಲ, ಅಂಥದೇ ಮುದ್ದು ಇದರಲ್ಲೂ ಇದೆ. ಈ ಹೆಸರುಗಳು ಬಿರುದುಗಳಾಗಿ ಹುಟ್ಟಲಿಲ್ಲ, ಒಂದು ಮನೆಯಲ್ಲಿ ಎರಡು ಹೆಣ್ಣುಮಕ್ಕಳು ಒಟ್ಟಿಗೆ ಆಡಿಕೊಂಡಿದ್ದಾಗಿನ ಹೆಸರುಗಳಾಗಿ ಹುಟ್ಟಿದವು. ಗುಂಡಮಬ್ಬೆಯ ಹೆಸರನ್ನು ಇಂದು ಕೇಳುವವರೇ ಇಲ್ಲ. ನನಗೆ ಅದೂ ನೋವಿನ ಸಂಗತಿ.

ಇನ್ನು ಹೆಸರಿನ ರಚನೆ. ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಹವ್ಯಕರ ಮನೆಗಳಲ್ಲಿ ಇಂದಿಗೂ ಮಕ್ಕಳು ತಾಯಿಯನ್ನು ಅಬ್ಬೆ ಎಂದೇ ಕರೆಯುತ್ತಾರೆ. ಒಂಬತ್ತು, ಹತ್ತು, ಹನ್ನೊಂದನೆಯ ಶತಮಾನಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ಕೊನೆಗೆ ಇದನ್ನು ಸೇರಿಸುವುದು ತೀರ ಸಾಮಾನ್ಯವಾಗಿತ್ತು. ರನ್ನನ ಹೆಂಡತಿ ಬರಿಯ ಜಕ್ಕಿ. ಅಬ್ಬೆ ಸೇರಿದರೆ ಜಕ್ಕಿಯಬ್ಬೆ. ಹಾಗೆಯೇ ಶಾಸನಗಳಲ್ಲಿ ಅತ್ತಿಮಬ್ಬೆಯ ಜೊತೆಗೆ ಅತ್ತಿಯಬ್ಬೆ ಎಂಬ ರೂಪವೂ ಬರುತ್ತದೆ. ಅರಸಿಯಂತೆ ಗೌರವಿಸಿ ಬರೆದಾಗ ಅದೇ ಅತ್ತಿಯಬ್ಬರಸಿಯಾಗುತ್ತದೆ.

ಶಾಸನ ಸಂಪುಟಗಳನ್ನು ತೆರೆದರೆ ಅಬ್ಬೆಯರ ಸಾಲು ಮುಗಿಯುವುದೇ ಇಲ್ಲ. ಅವರು ಎಂಥೆಂಥವರು ನೋಡಿ. ಬನವಾಸಿ ಸೀಮೆಯ ನಾಗರಖಂಡದಲ್ಲಿ ಗಂಡ ತೀರಿದ ಮೇಲೆ ನಾಳ್ಗಾವುಂಡಿಕೆಯನ್ನು, ಅಂದರೆ ನಾಡಿನ ಮುಖ್ಯಸ್ಥನ ಅಧಿಕಾರವನ್ನು, ವಹಿಸಿಕೊಂಡು ನಾಡನ್ನು ಆಳಿದವಳು ಜಕ್ಕಿಯಬ್ಬೆ. ರಾಷ್ಟ್ರಕೂಟರ ಕಾಲದಲ್ಲಿ, ಹೆಣ್ಣಾದರೂ ಆ ಅಧಿಕಾರ ಅವಳಿಗೇ ಬಂತು. ಕೊನೆಗೆ ರೋಗ ಮೈಯೇರಿದಾಗ ಮಗಳಿಗೆ ಅಧಿಕಾರ ಒಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ಅನ್ನಾಹಾರ ಬಿಟ್ಟು ದೇಹ ತೊರೆಯುವ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟಳು. ಗಂಡನ ಜೊತೆ ರಣರಂಗಕ್ಕೆ ಹೋಗಿ ಬಗೆಯೂರಿನಲ್ಲಿ ಕಾದಿ ಬಿದ್ದವಳು ಸಾವಿಯಬ್ಬೆ. ಅವಳ ವೀರಗಲ್ಲು ಶ್ರವಣಬೆಳಗೊಳದಲ್ಲಿದೆ. ಗಂಗದೊರೆ ಬೂತುಗನ ಅಕ್ಕ ಪಾಂಬಬ್ಬೆ, ತಲೆಗೂದಲು ಕಿತ್ತು ದೀಕ್ಷೆ ಪಡೆದು ಮೂವತ್ತು ವರ್ಷ ತಪಸ್ಸು ಮಾಡಿದವಳು ಎಂದು ಕಡೂರಿನ ಶಾಸನ ಹೇಳುತ್ತದೆ. ಬೆಳತೂರಿನ 1057ರ ಶಾಸನದ ದೇಕಬ್ಬೆ, ಗಂಡ ಏಚ ಸತ್ತ ಸುದ್ದಿ ಕೇಳಿ, ತಾಯಿತಂದೆ ಬೇಡವೆಂದರೂ ಕೇಳದೆ ಬೆಂಕಿಗೆ ಹಾರಿ ಪ್ರಾಣ ಬಿಟ್ಟವಳು. ಹೊಯ್ಸಳರ ಶಾಂತಲೆಯ ತಾಯಿ ಮಾಚಿಕಬ್ಬೆ. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ. ರಾಣಿ, ದೊರೆಯ ಅಕ್ಕ, ಊರಾಳುವವಳು, ಬಳೆ ಮಾರುವ ಮನೆಯ ತಾಯಿ ಎಲ್ಲರಿಗೂ ಒಂದೇ ಬಗೆಯ ಹೆಸರು. ಹೆಣ್ಣುಕೂಸನ್ನು ಹುಟ್ಟಿದ ದಿನದಿಂದಲೇ ‘ತಾಯಿ’ ಎಂದು ಸೇರಿಸಿ ಕರೆದ ನಾಡು ಇದು. ನಿಮ್ಮ ಕಡೆ ಹಿರಿಯರು ಇಂದಿಗೂ ಮೂರು ವರ್ಷದ ಹುಡುಗಿಯನ್ನು ‘ಬಾರವ್ವಾ’ ಎಂದು ಕರೆಯುವುದಿಲ್ಲವೇ? ಅದೇ ರೂಢಿ.

ಅದೇ ರೂಢಿ ಎಂದು ಸುಮ್ಮನೆ ಹೇಳಲಿಲ್ಲ. ಹನ್ನೆರಡನೆಯ ಶತಮಾನಕ್ಕೆ ಬರುವ ಹೊತ್ತಿಗೆ ಅಬ್ಬೆ ಮೆತ್ತಗಾಗಿ ಅವ್ವೆಯಾಗುತ್ತಿತ್ತು. ಹೊಯ್ಸಳ ದಂಡನಾಯಕ ಗಂಗರಾಜನ ತಾಯಿಯನ್ನು ಶ್ರವಣಬೆಳಗೊಳದ ಶಾಸನಗಳು ಪೋಚಿಕಬ್ಬೆ ಎಂದೂ ಪೋಚವ್ವೆ ಎಂದೂ ಕರೆಯುತ್ತವೆ. ಕಲ್ಯಾಣದ ಶರಣೆಯರಲ್ಲಿ ನೂಲುವ ಕಾಯಕದ ಕದಿರ ರೆಮ್ಮವ್ವೆ, ಧೂಪದ ಕಾಯಕದ ಗೊಗ್ಗವ್ವೆ, ಸೂಳೆ ಸಂಕವ್ವೆ, ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ, ಅಂದರೆ ಹೆಂಡತಿ, ಕಾಳವ್ವೆ ಇದ್ದಾರೆ. ಅಲ್ಲಿಂದ ಇತ್ತ ನಿಂಗವ್ವ, ಗಂಗವ್ವ, ಯಲ್ಲವ್ವ, ನೀಲವ್ವ, ಬಸವ್ವ. ಬೀಗರ ಮನೆಯಲ್ಲೇ ಎರಡು ತಲೆಮಾರು ಹಿಂದಕ್ಕೆ ಹೋಗಿ ವಿಚಾರಿಸಿ, ಅವ್ವ ಎಂದು ಮುಗಿಯುವ ಹೆಸರಿನ ಒಬ್ಬ ಅಜ್ಜಿಯಾದರೂ ಸಿಕ್ಕಿಯೇ ಸಿಗುತ್ತಾರೆ. ಆ ಅಜ್ಜಿಯ ಹೆಸರಿಗೂ ಅತ್ತಿಮಬ್ಬೆಗೂ ರಕ್ತಸಂಬಂಧವಿದೆ.

ಹಾಗಾದರೆ ಅಷ್ಟು ಸಾಮಾನ್ಯವಾಗಿದ್ದ ಬಗೆಯ ಹೆಸರು ಅಪರೂಪವಾದದ್ದು ಹೇಗೆ? ಒಂದು ಕಾರಣ ಎಲ್ಲ ಅಬ್ಬೆಯರಿಗೂ ಸಮಾನ. ದೇವಿ, ಅಂಬಿಕೆ, ಅಮ್ಮ, ಅಕ್ಕ, ಮುಂದೆ ಬಾಯಿ ಇವೆಲ್ಲ ಅಬ್ಬೆಯ ಜಾಗಕ್ಕೆ ಬಂದವು. ಆಮೇಲೆ ಶಾಲೆಗೆ ಸೇರಿಸುವಾಗ ಅವ್ವಂದಿರನ್ನೂ ಬಿಟ್ಟು ಸಂಸ್ಕೃತದ ಹೆಸರು ಬರೆಸುವ ಕಾಲ ಬಂತು. ಶಾಂತಲೆ ಮಾತ್ರ ಶಾಂತಲಾ ಆಗಿ ಸುಲಭವಾಗಿ ತಿರುಗಿ ಬಂದಳು. ಅವಳ ತಾಯಿ ಮಾಚಿಕಬ್ಬೆ ಬರಲಿಲ್ಲ.

ಇನ್ನೊಂದು ಕಾರಣ ಅತ್ತಿಮಬ್ಬೆಗೆ ಮಾತ್ರ ಅನ್ವಯಿಸುವಂಥದು. ನನಗೆ ಹೆಚ್ಚು ಮುಖ್ಯವೆನಿಸುವುದೂ ಅದೇ. ಆಕೆಯ ಕೀರ್ತಿ ಆಕೆಯ ಹೆಸರನ್ನು ನುಂಗಿತು. ರನ್ನ ಆಕೆಯ ನಡತೆಯನ್ನು ಬಿಳಿಯ ಅರಳೆಗೆ, ಗಂಗೆಯ ನೀರಿಗೆ, ಕೊಪಣದ, ಅಂದರೆ ಇಂದಿನ ಕೊಪ್ಪಳದ, ಬೆಟ್ಟಕ್ಕೆ ಹೋಲಿಸಿದ. ಆಕೆಯ ಭಕ್ತಿಗೆ ಗೋದಾವರಿಯೇ ಹರಿವು ನಿಲ್ಲಿಸಿತೆಂಬ ಕಥೆ ಹುಟ್ಟಿತು. ನೂರು ವರ್ಷ ಕಳೆದ ಮೇಲೆ ಅದೇ ಗಂಗರಾಜನ ಶಾಸನವೊಂದು, ಅಂದು ಅತ್ತಿಯಬ್ಬರಸಿಗೆ ಗೋದಾವರಿ ನಿಂತಂತೆ ಇಂದು ಗಂಗರಾಜನಿಗೆ ಕಾವೇರಿ ನಿಂತಿತು ಎಂದು ಹೇಳಿತು. ದಾನ ಮಾಡಿದ ಹೆಣ್ಣುಮಕ್ಕಳನ್ನು ‘ಅಭಿನವ ಅತ್ತಿಮಬ್ಬೆ’ ಎಂದು ಹೊಗಳುವುದು ವಾಡಿಕೆಯಾಯಿತು. ಹೆಸರು ಬಿರುದಾದ ಮೇಲೆ ಅದನ್ನು ಗಳಿಸಬೇಕೇ ಹೊರತು ಹುಟ್ಟುತ್ತಲೇ ಪಡೆಯುವಂತಿಲ್ಲ ಎಂಬ ಭಾವನೆ ಬೆಳೆಯಿತು. ಇಂದೂ ಹಾಗೆಯೇ. ರಾಜ್ಯ ಸರ್ಕಾರ ಲೇಖಕಿಯರಿಗೆ ಕೊಡುವ ಪ್ರಶಸ್ತಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿದೆ, ಸಭಾಂಗಣಗಳಿಗೆ, ಮಹಿಳಾ ಸಮಾಜಗಳಿಗೆ ಆ ಹೆಸರಿದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಅದು ಕಾಣುವುದು ಅಪರೂಪ. ಒಬ್ಬ ತಾಯಿಯನ್ನು ಗೌರವಿಸುವ ರೀತಿ ಇದೊಂದೇ ಎಂದು ನಾನು ಒಪ್ಪುವುದಿಲ್ಲ. ಪ್ರಶಸ್ತಿಯ ಹೆಸರನ್ನು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಉಚ್ಚರಿಸುತ್ತಾರೆ. ಮಗುವಿನ ಹೆಸರನ್ನು ದಿನಕ್ಕೆ ನೂರು ಸಲ ಕರೆಯುತ್ತಾರೆ.

ಜೈನರಲ್ಲದವರು ಇಡಬಹುದೇ ಎಂಬ ನಿಮ್ಮ ಸಂಕೋಚ ನನಗೆ ಹಿಡಿಸಿತು, ಏಕೆಂದರೆ ಅದು ಗೌರವದಿಂದ ಬಂದದ್ದು. ಅಬ್ಬೆ ಎಂಬ ಕೊನೆ ಯಾವ ಮತದ ಸ್ವತ್ತೂ ಅಲ್ಲ. ಮೇಲೆ ಹೇಳಿದ ಶರಣೆಯರ ಹೆಸರುಗಳೇ ಅದಕ್ಕೆ ಸಾಕ್ಷಿ. ಆದರೆ ಅತ್ತಿಮಬ್ಬೆ ಎಂಬ ವ್ಯಕ್ತಿ ಅಪ್ಪಟ ಜಿನಭಕ್ತೆ. ಆಕೆಯ ದಾನ, ಆಕೆ ಬರೆಯಿಸಿದ ಪುರಾಣ, ಕಟ್ಟಿಸಿದ ಬಸದಿ ಎಲ್ಲವೂ ಆ ಶ್ರದ್ಧೆಯಿಂದ ಬಂದವು. ಹೆಸರಿಡುವವರು ಅದನ್ನು ಮರೆಮಾಚಿ ಬರಿಯ ‘ಕನ್ನಡದ ದಾನಿ’ ಎಂದು ಮಗುವಿಗೆ ಹೇಳಬಾರದು. ಆಕೆ ಯಾರು, ಏನನ್ನು ನಂಬಿದ್ದಳು ಎಂಬುದನ್ನು ಪೂರ್ತಿಯಾಗಿ ಹೇಳಿ ಬೆಳೆಸಿದರೆ, ಹೆಸರಿಡುವ ಹಕ್ಕು ನಿಮಗೂ ಇದೆ.

ಮಕ್ಕಳು ಶಾಲೆಯಲ್ಲಿ ಆಡಿಕೊಳ್ಳುತ್ತಾರೆ ಎಂಬ ಭಯ ಪತ್ರದಲ್ಲಿ ಎರಡು ಕಡೆ ಬಂದಿದೆ. ಮಕ್ಕಳು ಆಡಿಕೊಳ್ಳದ ಹೆಸರೇ ಇಲ್ಲ. ತನ್ನ ಹೆಸರು ಎಲ್ಲಿಂದ ಬಂತೆಂದು ಆರನೆಯ ವಯಸ್ಸಿಗೇ ಹೇಳಬಲ್ಲ ಹುಡುಗಿ ಅಂಥ ಮಾತಿಗೆ ಕುಗ್ಗುವುದಿಲ್ಲ. ಲಕ್ಕುಂಡಿ ನಿಮಗೆ ದೂರವಲ್ಲ. ಅಕ್ಷರ ಕಲಿಯುವ ಹೊತ್ತಿಗೆ ಅವಳನ್ನು ಅಲ್ಲಿಗೆ ಕರೆದೊಯ್ಯಿರಿ.

ಕೊನೆಯದಾಗಿ ಕೆಲವು ವ್ಯವಹಾರದ ಮಾತು. ಹೆಸರಿಗಾಗಿ ಈಗಲೇ ಮನೆಯಲ್ಲಿ ಮನಸ್ತಾಪ ಮಾಡಿಕೊಳ್ಳಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು. ನೋಂದಣಿ 21 ದಿನಗಳೊಳಗೆ ಆಗಲಿ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೂ ತಡದ ಶುಲ್ಕ ಕೊಟ್ಟು ಸೇರಿಸಲು ಅವಕಾಶವಿದೆ. ಬೀಗರನ್ನು ಒಪ್ಪಿಸಲು ಅಷ್ಟು ಕಾಲ ಸಾಕು. ಇಂಗ್ಲಿಷಿನಲ್ಲಿ ಬರೆಯುವಾಗ ‘ಟಿ’ ಎರಡು, ‘ಬಿ’ ಎರಡು ಇರಲಿ. ಜನನ ಪ್ರಮಾಣಪತ್ರದಲ್ಲಿ ಹೇಗೆ ಬರೆಸುತ್ತೀರೋ ಆಧಾರ್‌ನಲ್ಲೂ ಶಾಲೆಯ ದಾಖಲೆಯಲ್ಲೂ ಅಕ್ಷರ ತಪ್ಪದೆ ಹಾಗೆಯೇ ಬರೆಸಿ. ಅಪರೂಪದ ಹೆಸರುಗಳನ್ನು ಬೆರಳಚ್ಚು ಮಾಡುವವರು ತಮಗೆ ಗೊತ್ತಿರುವ ಹೆಸರಿಗೆ ತಿದ್ದಿಬಿಡುವುದು ಹೆಚ್ಚು. ‘ಅತ್ತಿಮಾ’ ಎಂದು ಕತ್ತರಿಸಿ ದಾಖಲೆಗೆ ಹಾಕೋಣವೇ ಎಂದು ಅಳಿಯನವರು ಕೇಳಿದ್ದಾರಂತೆ. ಅದು ಬೇಡ. ದಾಖಲೆಯಲ್ಲಿ ಪೂರ್ತಿ ಹೆಸರಿರಲಿ. ಮನೆಯಲ್ಲಿ ಅತ್ತಿ ಎನ್ನಿ, ಅಬ್ಬೆ ಎನ್ನಿ, ಅವ್ವಾ ಎನ್ನಿ, ಬಾಯಿಗೆ ಬಂದಂತೆ ಮುದ್ದು ಮಾಡಿ. ಸೋದರತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ತೊಟ್ಟಿಲ ಕಾರ್ಯದ ದಿನ ಅವರೇ ಹೆಸರು ಉಸುರಬೇಕೆಂದು ನನ್ನ ಪರವಾಗಿಯೂ ಕೇಳಿಕೊಳ್ಳಿ.

— ಸಂಪಾದಕ